ಗೋಮುಖಕ್ಕೆ ಹೊರಟಿದ್ದೀರಾ? ಜಾಲಾದಿಂದಲೇ ಕಿಟಕಿಯ ಹೊರಗೆ ನೋಡಿ

ಹುಬ್ಬಳ್ಳಿ-ಧಾರವಾಡದಿಂದ ಪ್ರತಿವರ್ಷ ಬಸ್ಸುಗಟ್ಟಲೆ ಜನ ಚಾರ್‌ಧಾಮ ಯಾತ್ರೆಗೆ ಹೋಗುತ್ತಾರೆ. ಗಂಗೋತ್ರಿಯ ದೇವಸ್ಥಾನ ದಾಟಿ, ಗಂಗೆ ಹೊರಡುವ ಗಂಗೋತ್ರಿ ಹಿಮನದಿಯ ತುದಿಯಾದ ಗೋಮುಖದವರೆಗೆ ನಡೆಯುವವರು ಅವರಲ್ಲಿ ಕಡಿಮೆ. ನಡೆದವರು ಊರಿಗೆ ಬಂದು ಹೇಳುವುದೂ ಹೆಚ್ಚಾಗಿ ಒಂದೇ ಮಾತು: "ಏನಿದೆ ಅಲ್ಲಿ? ಮಣ್ಣು ಮೆತ್ತಿದ ಕರಿ ಮಂಜುಗಡ್ಡೆ." ಮಾತು ಸುಳ್ಳಲ್ಲ. ಬಿಳಿ ಹಿಮದ ಗೋಡೆ ಕಾಣಲು ಹೋದವರಿಗೆ ಗೋಮುಖ ನಿರಾಸೆಯನ್ನೇ ಮಾಡುತ್ತದೆ. ಆದರೆ ಅಲ್ಲಿ ನೋಡಬೇಕಾದದ್ದು ಉಳಿದಿರುವ ಹಿಮಕ್ಕಿಂತ, ಹಿಮ ಬಿಟ್ಟುಹೋದ ಜಾಗ. ಆ ಜಾಗ ಗೋಮುಖಕ್ಕಿಂತ ನಲವತ್ತು ಕಿಲೋಮೀಟರ್ ಕೆಳಗೇ, ಜಾಲಾ ಎಂಬ ಹಳ್ಳಿಯ ಬಳಿ ಶುರುವಾಗುತ್ತದೆ. ಹೆಚ್ಚಿನವರು ಅಲ್ಲಿ ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಿರುತ್ತಾರೆ.

ಮೊದಲು ಹೋಗುವ ದಾರಿ. ಹುಬ್ಬಳ್ಳಿಯಿಂದ ದೆಹಲಿಯ ಹಜರತ್ ನಿಜಾಮುದ್ದೀನ್‌ಗೆ ಸಂಪರ್ಕ ಕ್ರಾಂತಿ ಇದೆ. ಹುಬ್ಬಳ್ಳಿಯ ಮೇಲೆ ಅದು ವಾರದಲ್ಲಿ ಕೆಲವು ದಿನ ಮಾತ್ರ ಹಾಯುತ್ತದೆ, ಆದ್ದರಿಂದ ಮೊದಲು ರೈಲಿನ ದಿನ ನೋಡಿಕೊಂಡು ಆಮೇಲೆ ರಜೆ ಹಾಕಿ. ದೆಹಲಿಯಿಂದ ಹರಿದ್ವಾರ, ಋಷಿಕೇಶ, ಅಲ್ಲಿಂದ ಚಂಬಾ ಮೇಲೆ ಉತ್ತರಕಾಶಿ. ಋಷಿಕೇಶದಿಂದ ಉತ್ತರಕಾಶಿಗೆ ಸುಮಾರು 170 ಕಿಲೋಮೀಟರ್, ಅಲ್ಲಿಂದ ಗಂಗೋತ್ರಿಗೆ ಇನ್ನೂ ನೂರು. ಕಾಗದದ ಮೇಲೆ ಇದು ಒಂದು ದಿನದ ದಾರಿ. ಬೆಟ್ಟದ ರಸ್ತೆಯಲ್ಲಿ ಕನಿಷ್ಠ ಎರಡು ದಿನ ಮಾಡಿಕೊಳ್ಳಿ, ಮೊದಲ ರಾತ್ರಿ ಉತ್ತರಕಾಶಿಯಲ್ಲಿ ಕಳೆಯಿರಿ.

ಕಾಗದಪತ್ರಗಳು ಎರಡು. ಚಾರ್‌ಧಾಮ ಯಾತ್ರೆಯ ನೋಂದಣಿ ಒಂದು, ಅದನ್ನು ಮನೆಯಲ್ಲೇ ಆನ್‌ಲೈನ್ ಮಾಡಿ ಮುಗಿಸಿ. ಇನ್ನೊಂದು ಗಂಗೋತ್ರಿ ರಾಷ್ಟ್ರೀಯ ಉದ್ಯಾನದ ಪರವಾನಗಿ. ಗೋಮುಖದ ದಾರಿಗೆ ದಿನಕ್ಕೆ 150 ಜನರಿಗಷ್ಟೇ ಅವಕಾಶ. ಮೇ-ಜೂನ್ ತಿಂಗಳಲ್ಲಿ ಇದು ಬೇಗ ತುಂಬುತ್ತದೆ. ಗಂಗೋತ್ರಿಗೆ ಹೋಗಿ ನೋಡಿದರಾಯಿತು ಎಂದು ಬಂದವರೊಬ್ಬರು ನಮ್ಮ ಎದುರಿಗೇ ಚೌಕಿಯಿಂದ ಹಿಂದಿರುಗಿದರು. ಎಷ್ಟು ಬೇಡಿಕೊಂಡರೂ ಕಾವಲುಗಾರ ಜಗ್ಗಲಿಲ್ಲ. ಜಗ್ಗಬಾರದು ಕೂಡ.

ನಮ್ಮ ತಂಡದಲ್ಲಿ ಧಾರವಾಡದ ಕಾಕು ಇದ್ದರು, ಅವರ ಅಳಿಯನಿದ್ದ, ಜೊತೆಗೆ ಅವರ ಓಣಿಯ ಒಬ್ಬ ನಿವೃತ್ತ ಭೂಗೋಳದ ಮಾಸ್ತರು. ಕಾಕು ಹೊರಟಿದ್ದು ಗಂಗೆಗೆ, ಮಾಸ್ತರು ಹೊರಟಿದ್ದು ಕಲ್ಲುಗಳಿಗೆ. ಇಂಥ ಒಬ್ಬ ಮಾಸ್ತರು ನಿಮಗೂ ಸಿಕ್ಕರೆ ಟಿಕೆಟ್ ನೀವೇ ಕೊಟ್ಟು ಕರೆದುಕೊಂಡು ಹೋಗಿ.

ಉತ್ತರಕಾಶಿ ಬಿಟ್ಟ ಮೇಲೆ ಗಂಗನಾನಿ ತನಕ ಕಣಿವೆ ಕಿರಿದು. ಎರಡೂ ಕಡೆ ಬೆಟ್ಟಗಳು ಇಳಿದುಬಂದು ನದಿಯ ಹತ್ತಿರ ಸೇರುತ್ತವೆ. ಸುಖಿಯ ತಿರುವುಗಳನ್ನು ಹತ್ತಿ ಆಚೆಗೆ ಇಳಿದು ಜಾಲಾ ಮುಟ್ಟಿದಿರೋ, ನೋಟವೇ ಬೇರೆ. ಕಣಿವೆ ದಿಢೀರನೆ ಅಗಲವಾಗುತ್ತದೆ. ತಳ ಸಪಾಟು, ಪಕ್ಕದ ಗೋಡೆಗಳು ಕಡಿದು, ನದಿ ಹರವಾದ ಹಾಸಿನಲ್ಲಿ ಕವಲೊಡೆದು ಹರಿಯುತ್ತದೆ. ಮಾಸ್ತರು ಚಾಲಕನಿಗೆ ಹೇಳಿ ವಾಹನ ನಿಲ್ಲಿಸಿಯೇಬಿಟ್ಟರು. ಬರೀ ನದಿ ಕೊರೆದ ಕಣಿವೆ ಇಂಗ್ಲಿಷಿನ ವಿ ಅಕ್ಷರದ ಹಾಗಿರುತ್ತದೆ, ಹಿಮನದಿ ಕೆರೆದದ್ದು ಯು ಅಕ್ಷರದ ಹಾಗೆ. ಶಾಲೆಯಲ್ಲಿ ನಾವೆಲ್ಲ ಉರುಹೊಡೆದ ಈ ಪಾಠದ ಎರಡೂ ಚಿತ್ರಗಳು ಇಲ್ಲಿ ಒಂದೇ ರಸ್ತೆಯಲ್ಲಿ, ಅರ್ಧ ಗಂಟೆಯ ಅಂತರದಲ್ಲಿ ಸಿಗುತ್ತವೆ. ಈಗ ಗೋಮುಖದಲ್ಲಿ ನಿಂತಿರುವ ಹಿಮನದಿ ಒಂದು ಕಾಲಕ್ಕೆ ಜಾಲಾದವರೆಗೂ ಚಾಚಿಕೊಂಡಿತ್ತು.

"ಹಿಮಯುಗ ಮುಗಿದಾಗ ಒಂದೇ ಸಲಕ್ಕೆ ಕರಗಿತೇನು ಮಾಸ್ತರೇ?" ಎಂದು ಕಾಕು ಕೇಳಿದರು. ಪ್ರಶ್ನೆ ಸರಳವಾಗಿತ್ತು, ಉತ್ತರ ಹರ್ಸಿಲ್ ತಲುಪುವವರೆಗೂ ಮುಗಿಯಲಿಲ್ಲ. ಜಗತ್ತಿನ ಲೆಕ್ಕದಲ್ಲಿ ಕೊನೆಯ ಹಿಮಯುಗದ ಅತಿ ಕಠಿಣ ಚಳಿ ಬಿದ್ದದ್ದು ಸುಮಾರು 26 ಸಾವಿರದಿಂದ 19 ಸಾವಿರ ವರ್ಷಗಳ ಹಿಂದೆ. ಸೂರ್ಯನ ಸುತ್ತ ಭೂಮಿಯ ದಾರಿ, ಅದರ ಅಕ್ಷದ ಓಲು, ಆ ಅಕ್ಷದ ನಿಧಾನ ತಿರುಗಾಟ, ಈ ಮೂರೂ ಸಾವಿರಾರು ವರ್ಷಗಳಲ್ಲಿ ಬದಲಾಗುತ್ತವೆ. ಇವು ಸೇರಿ ಉತ್ತರ ಗೋಳಾರ್ಧದ ಬೇಸಿಗೆಗೆ ಬಿಸಿಲು ಹೆಚ್ಚಿದಾಗ ಕರಗುವಿಕೆ ಶುರುವಾಯಿತು. ಹಿಮ ಕಡಿಮೆಯಾದಷ್ಟೂ ಕಪ್ಪು ನೆಲ ಹೆಚ್ಚು ಬಿಸಿಲು ಹೀರಿತು. ಸಾಗರಗಳು ಇಂಗಾಲದ ಡೈಆಕ್ಸೈಡ್ ಹೊರಬಿಟ್ಟವು. ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ 190ರಷ್ಟಿದ್ದದ್ದು 260 ದಾಟಿತು. ನಡುವೆ ಸುಮಾರು 12,900 ವರ್ಷಗಳ ಹಿಂದೆ ಚಳಿ ಮತ್ತೆ ಮರಳಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಾಡಿತು. 11,700 ವರ್ಷಗಳ ಹಿಂದಿನಿಂದ ಈಚೆಗಿನದು ಈಗಿನ ಬೆಚ್ಚನೆಯ ಕಾಲ.

ಹಿಮಾಲಯ ಮಾತ್ರ ಈ ಲೆಕ್ಕಕ್ಕೆ ಸರಿಯಾಗಿ ಕೂರುವುದಿಲ್ಲ, ನನಗೆ ಎಲ್ಲಕ್ಕಿಂತ ರುಚಿಸಿದ್ದು ಈ ಭಾಗ. ಗಂಗೋತ್ರಿ ಹಿಮನದಿ ಜಾಲಾ ಮುಟ್ಟಿದ್ದು ಆ ಕಡುಚಳಿಯ ಕಾಲದಲ್ಲಲ್ಲ. ಸುಮಾರು 60 ಸಾವಿರ ವರ್ಷಗಳ ಹಿಂದೆ ಎಂದು ಅಲ್ಲಿನ ಮಣ್ಣಿನ ಪದರಗಳ ಕಾಲಗಣನೆ ಹೇಳುತ್ತದೆ. ಹಿಮನದಿ ಬೆಳೆಯಲು ಚಳಿಯೊಂದೇ ಸಾಲದು, ಹಿಮ ಬೀಳಲು ಮೋಡವೂ ಬೇಕು. ಕಡುಚಳಿಯ ಕಾಲದಲ್ಲಿ ನೈಋತ್ಯ ಮುಂಗಾರು ಸೊರಗಿತ್ತು. ಆಗ ನಮ್ಮ ಕಡೆಯೂ ಮಳೆ ಕಡಿಮೆ. ಕಾರವಾರದ ಸಮುದ್ರವೋ, ಈಗಿನ ದಂಡೆಯಿಂದ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕೆ ಸರಿದಿತ್ತು, ಏಕೆಂದರೆ ಜಗತ್ತಿನ ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ತಗ್ಗಿನಲ್ಲಿತ್ತು. ಆ ನೀರನ್ನು ಹಿಡಿದಿಟ್ಟಿದ್ದು ಹೆಚ್ಚಾಗಿ ಉತ್ತರ ಅಮೆರಿಕ, ಯುರೋಪುಗಳ ಮೇಲಿದ್ದ ಹಿಮದ ಹಾಸುಗಳು. ಹಿಮಾಲಯದ ಪಾಲು ಅದರಲ್ಲಿ ಅಲ್ಪ.

ಎರಡನೆಯ ರಾತ್ರಿ ಹರ್ಸಿಲ್‌ನಲ್ಲಿ ಉಳಿಯಿರಿ. ಸೇಬಿನ ತೋಟಗಳಿವೆ, ಅಲ್ಲಿನ ರಾಜ್ಮಾಕ್ಕೆ ಹೆಸರಿದೆ. ಆದರೆ ಅಲ್ಲಿ ಉಳಿಯಿರಿ ಎನ್ನುವುದು ಬರೀ ಸೊಗಸಿಗೆ ಹೇಳುವ ಮಾತಲ್ಲ. ನಾವು ಸಮುದ್ರಮಟ್ಟದಿಂದ ಏಳುನೂರು ಮೀಟರ್ ಆಸುಪಾಸಿನ ಊರಿನವರು. ಹರ್ಸಿಲ್ ಸುಮಾರು 2,600 ಮೀಟರ್, ಗಂಗೋತ್ರಿ 3,100, ಗೋಮುಖದ ದಾರಿಯಲ್ಲಿ ರಾತ್ರಿ ತಂಗುವ ಭೋಜಬಾಸಾ 3,800. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಎನ್ನುವುದು ವೈದ್ಯರ ಸಲಹೆ. ಹಾಗಾಗಿ ಗಂಗೋತ್ರಿಯಲ್ಲಿ ಒಂದು ರಾತ್ರಿ ಹೆಚ್ಚು ಕಳೆಯಲೇಬೇಕು. ತಲೆನೋವಿನ ಜೊತೆ ವಾಂತಿ ಬಂದರೆ, ನಡಿಗೆ ಓಲಾಡಿದರೆ ದೇವರ ಮೇಲೆ ಭಾರ ಹಾಕಿ ಮುಂದೆ ಹೋಗಬೇಡಿ, ಕೆಳಗೆ ಇಳಿಯಿರಿ. ಎತ್ತರದ ಕಾಯಿಲೆಗೆ ಕೊಡುವ ಮಾತ್ರೆಯ ವಿಷಯವನ್ನು ಊರಲ್ಲೇ ವೈದ್ಯರ ಬಳಿ ಕೇಳಿಕೊಂಡು ಹೊರಡಿ.

ಹರ್ಸಿಲ್ ದಾಟಿದ ಕೂಡಲೇ ಧರಾಲಿ. ನಾವು ಹೋದಾಗ ಅಲ್ಲಿ ಚಹಾ ಕುಡಿದಿದ್ದೆವು. ಆಮೇಲೆ 2025ರ ಆಗಸ್ಟ್ 5ರಂದು ಖೀರ್ ಗಂಗಾ ಹಳ್ಳದಲ್ಲಿ ನುಗ್ಗಿಬಂದ ಕೆಸರು-ಬಂಡೆಗಳ ಪ್ರವಾಹ ಆ ಪೇಟೆಯನ್ನು ಹೂತುಹಾಕಿತು. ಹಿಮನದಿಗಳು ಹಿಂದೆ ಸರಿದ ಕಣಿವೆಗಳಲ್ಲಿ ಸಡಿಲ ಕಲ್ಲುಮಣ್ಣು ರಾಶಿಗಟ್ಟಲೆ ಕೂತಿರುತ್ತದೆ, ಜೋರು ನೀರು ಬಂದರೆ ಅದೆಲ್ಲ ಕೆಳಗಿಳಿಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಈ ದಾರಿಯ ಯೋಚನೆಯೇ ಬೇಡ. ಮೇ ಕೊನೆ, ಜೂನ್ ಮೊದಲ ಭಾಗ, ಇಲ್ಲವೇ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಸರಿ. ದೀಪಾವಳಿಗೆ ದೇವಸ್ಥಾನ ಮುಚ್ಚುತ್ತದೆ.

ಗಂಗೋತ್ರಿಯ ಹೆಚ್ಚುವರಿ ದಿನವನ್ನು ಕೋಣೆಯಲ್ಲಿ ಕಳೆಯಬೇಡಿ. ಸೂರ್ಯಕುಂಡದ ಹತ್ತಿರ ನದಿ ಬಿಳಿ ಗ್ರಾನೈಟನ್ನು ಕೊರೆದು ಕಿರಿದಾದ ಕಂದರದೊಳಗೆ ಧುಮುಕುತ್ತದೆ. ಬಂಡೆಯ ಬಳಿ ಕೂತು ನೋಡಿದರೆ ಬಿಳಿ ಕಲ್ಲಿನಲ್ಲಿ ಸೂಜಿಯುದ್ದದ ಕರಿ ಹರಳುಗಳು ಕಾಣುತ್ತವೆ, ಅದು ಟೂರ್ಮಲೀನ್. ಈ ಗ್ರಾನೈಟಿನ ವಯಸ್ಸು ಸುಮಾರು ಎರಡು ಕೋಟಿ ವರ್ಷ. "ನಮ್ಮ ಧಾರವಾಡದ ಕಲ್ಲಿಗೆ 250 ಕೋಟಿಗೂ ಹೆಚ್ಚು, ಇದು ನಿನ್ನೆ ಮೊನ್ನೆಯದು" ಎಂದು ಮಾಸ್ತರು ಅದನ್ನು ಕೂಸಿನಂತೆ ಸವರಿದರು. ಸಂಜೆ ಪಾರದರ್ಶಕ ಬಾಟಲಿಯಲ್ಲಿ ನದಿಯ ನೀರು ತುಂಬಿ ಕಿಟಕಿಯಲ್ಲಿಡಿ. ಕಾಕು ತೀರ್ಥವೆಂದು ತುಂಬಿಟ್ಟ ಬಾಟಲಿಯಲ್ಲಿ ಬೆಳಗಾಗುವಷ್ಟರಲ್ಲಿ ಮೇಲಿನ ನೀರು ತಿಳಿಯಾಗಿ, ತಳದಲ್ಲಿ ಬೂದುಬಣ್ಣದ ಪದರ ಕೂತಿತ್ತು. ಬೆರಳಿನ ನಡುವೆ ತಿಕ್ಕಿದರೆ ಮರಳಿನ ತರಕಲು ಹತ್ತುವುದಿಲ್ಲ, ನುಣ್ಣಗೆ ಜಾರುತ್ತದೆ. ಅಂಗೈಯಲ್ಲಿ ಒಣಗಿದಾಗ ಅಭ್ರಕದ ಚೂರುಗಳು ಮಿನುಗುತ್ತವೆ. ಹಿಮನದಿ ತನ್ನ ಅಡಿಯ ಕಲ್ಲನ್ನು ಅರೆದು ಮಾಡಿದ ಹಿಟ್ಟು ಅದು. ಕಾಕು ಅದನ್ನೂ ಪೊಟ್ಟಣ ಕಟ್ಟಿಕೊಂಡರು.

ನಡಿಗೆಗೆ ಬೆಳಗ್ಗೆ ಆರಕ್ಕೇ ಹೊರಡಿ. ಚೀರಬಾಸಾ 9 ಕಿಲೋಮೀಟರ್, ಭೋಜಬಾಸಾ 14, ಗೋಮುಖ 18. ಬೇಗ ಹೊರಡಬೇಕಾದದ್ದು ಚೀರಬಾಸಾದ ಆಚೆಗಿನ ಒಂದು ತುಂಡು ದಾರಿಗಾಗಿ. ಅಲ್ಲಿ ಮೇಲಿನಿಂದ ಕಲ್ಲು ಉರುಳುತ್ತವೆ. ಬಿಸಿಲೇರಿ ಗಾಳಿ ಎದ್ದ ಮೇಲೆ ಹೆಚ್ಚು. ಫೋಟೊಗೆ ನಿಲ್ಲದೆ, ಮೇಲೆ ಕಣ್ಣಿಟ್ಟು, ಬಿಡಿಬಿಡಿಯಾಗಿ ದಾಟಿ. ಆ ಕಲ್ಲುಗಳೂ ಹಳೆಯ ಹಿಮನದಿ ಬಿಟ್ಟುಹೋದವೇ. ಹಿಮವಿದ್ದಾಗ ಅದರ ಒತ್ತು ಇಳಿಜಾರಿಗೆ ಆಸರೆಯಾಗಿತ್ತು, ಹಿಮ ಇಳಿದ ಮೇಲೆ ಆಸರೆ ಹೋಯಿತು.

ಭೋಜಬಾಸಾ ಸಮೀಪಿಸಿದಂತೆ ಕಣಿವೆಯ ಪಕ್ಕಕ್ಕೆ ಉದ್ದಕ್ಕೂ ದಿಬ್ಬಗಳು ಕಾಣುತ್ತವೆ. ಹಿಮನದಿ ತನ್ನ ಅಂಚಿಗೆ ತಳ್ಳಿ ಬಿಟ್ಟ ಕಲ್ಲುಮಣ್ಣು, ಮೊರೇನ್ ಎನ್ನುತ್ತಾರೆ. ಹೊಲದ ಬದುವಿನಂತೆ, ಇಲ್ಲಿಯವರೆಗೆ ನನ್ನದಾಗಿತ್ತು ಎಂದು ಗುರುತು ಹಾಕಿಟ್ಟಿದೆ. ನದಿ ತಂದ ರಾಶಿಗೂ ಇದಕ್ಕೂ ವ್ಯತ್ಯಾಸ ಹಿಡಿಯುವುದು ಸುಲಭ. ನದಿ ಕಲ್ಲನ್ನು ಉರುಟು ಮಾಡಿ, ದಪ್ಪ-ಸಣ್ಣ ಬೇರ್ಪಡಿಸಿ ಹಾಕುತ್ತದೆ. ಮೊರೇನಿನಲ್ಲಿ ಮನೆಯಷ್ಟು ದೊಡ್ಡ ಮೊನಚು ಬಂಡೆಯ ಪಕ್ಕದಲ್ಲೇ ಹಿಟ್ಟಿನಂಥ ಮಣ್ಣಿರುತ್ತದೆ. ಇನ್ನು ಬಂಡೆಗೆ ಅಂಟಿ ಬೆಳೆಯುವ ಕಲ್ಲುಹೂವು (ಲೈಕೆನ್) ನೋಡಿ. ಹಳೆಯ ದಿಬ್ಬದ ಬಂಡೆಗಳ ಮೇಲೆ ಹಸಿರು-ಕಿತ್ತಳೆ ಮಚ್ಚೆಗಳು ಹರಡಿವೆ, ನಡುವೆ ಭೂರ್ಜ ಮರಗಳೂ ಬೇರೂರಿವೆ. ಗೋಮುಖದ ಕಡೆ ನಡೆದಂತೆ ಮಚ್ಚೆಗಳು ಸಣ್ಣದಾಗಿ, ಕೊನೆಗೆ ಬೋಳು ಕಲ್ಲುಗಳಷ್ಟೇ ಉಳಿಯುತ್ತವೆ. ಭೋಜಬಾಸಾದ ಹತ್ತಿರದ ದಿಬ್ಬಗಳಲ್ಲಿ ಇನ್ನೂರು-ಮುನ್ನೂರು ವರ್ಷ ಹಿಂದಿನವೂ ಇವೆ. ಹಿಮಯುಗ ಮುಗಿದ ಎಷ್ಟೋ ಕಾಲದ ನಂತರವೂ ಹಿಮನದಿ ನಡುನಡುವೆ ಒಂದಿಷ್ಟು ಮುಂದೆ ಬಂದದ್ದುಂಟು. ಆದ್ದರಿಂದ 'ಹಿಮನದಿಗಳು ಯಾವಾಗಲೂ ಕರಗುತ್ತಲೇ ಇವೆ, ಈಗೇನು ಹೊಸತು' ಎನ್ನುವವರ ಮಾತನ್ನು ಆ ದಾರಿಯ ಕಲ್ಲುಗಳೇ ಒಪ್ಪುವುದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಆಡೆನ್ 1935ರಲ್ಲಿ ಇದರ ತುದಿಯ ನಕ್ಷೆ ಮಾಡಿದ್ದರು. ಆಗಿನಿಂದ ಅದು ಒಂದು ಕಿಲೋಮೀಟರ್‌ಗೂ ಹೆಚ್ಚು ಹಿಂದೆ ಸರಿದಿದೆ. ಈ ಸಲದ ಬಿಸಿಗೆ ಭೂಮಿಯ ಓಲು ಕಾರಣವಲ್ಲ, ನಾವು ಸುಟ್ಟ ಕಲ್ಲಿದ್ದಲು, ಎಣ್ಣೆ ಕಾರಣ.

ಭೋಜಬಾಸಾದಲ್ಲಿ ಸರ್ಕಾರಿ ಪ್ರವಾಸಿ ಬಂಗಲೆ ಇದೆ, ಆಶ್ರಮವಿದೆ. ಹಾಸಿಗೆ ಮೊದಲೇ ಕಾದಿರಿಸಿ. ಊಟ ಸಾದಾ ಬೇಳೆ-ಅನ್ನ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕಟ್ಟಿಕೊಂಡು ಹೋಗಿ, ಆದರೆ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲೇ ಇಡಿ, ಚೀಲದಲ್ಲಿಟ್ಟರೆ ಚೂರಾಗುತ್ತದೆ. ಪೇಡೆ ಚಳಿಗೆ ಗಟ್ಟಿಯಾಗುತ್ತದೆ, ಕೆಡುವುದಿಲ್ಲ. ಗಂಗೋತ್ರಿಯಿಂದ ಮುಂದೆ ಮೊಬೈಲ್ ನಂಬಬೇಡಿ, ನಗದು ಇಟ್ಟುಕೊಳ್ಳಿ.

ಹಿಮನದಿಯ ತುದಿಗೆ ನಾನೂರು-ಐನೂರು ಮೀಟರ್ ದೂರದಲ್ಲೇ ನಿಲ್ಲಿ. ಮಂಜಿನ ತುಂಡುಗಳು ಹೇಳದೆ ಕೇಳದೆ ಕಳಚಿ ಬೀಳುತ್ತವೆ. ಕರಿ ಬಣ್ಣ ಕಂಡು ಬೇಸರಪಡಬೇಡಿ. ದಪ್ಪ ಕಲ್ಲುಮಣ್ಣಿನ ಹೊದಿಕೆ ಇದ್ದಲ್ಲಿ ಬಿಸಿಲು ತಾಗದೆ ಮಂಜು ನಿಧಾನ ಕರಗುತ್ತದೆ, ತೆಳು ದೂಳಿದ್ದಲ್ಲಿ ಮಾತ್ರ ಬೇಗ. ಹಿಂದೆ ಸುಮಾರು 30 ಕಿಲೋಮೀಟರ್ ಉದ್ದದ ಹಿಮನದಿ ಬಿದ್ದುಕೊಂಡಿದೆ, ನಮಗೆ ಕಾಣುವುದು ಅದರ ತುದಿಯಷ್ಟೇ.

ಮೊಣಕಾಲು ನೋವಿನವರು, ಉಸಿರಾಟದ ತೊಂದರೆಯವರು ಭೋಜಬಾಸಾದ ಹಟ ಬಿಡಿ. ಜಾಲಾದಿಂದ ಗಂಗೋತ್ರಿಯವರೆಗಿನ ರಸ್ತೆಯಲ್ಲೇ ಈ ಕಥೆಯ ಮುಕ್ಕಾಲು ಪಾಲು ಕಾಣುತ್ತದೆ. ಕಾಕು ಚೀರಬಾಸಾದಿಂದ ಹಿಂದಿರುಗಿ ಗಂಗೋತ್ರಿಯಲ್ಲಿ ನಮಗಾಗಿ ಕಾದರು, ಅವರಿಗೆ ಅದರಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಹೋಗುವಾಗ ಬಲಗಡೆಯ ಕಿಟಕಿ ಸಿಕ್ಕರೆ ಬರುವಾಗ ಎಡಗಡೆ ಕೇಳಬೇಡಿ, ಮತ್ತೆ ಬಲಗಡೆಯೇ ಕೇಳಿ. ಆಗಷ್ಟೇ ಕಣಿವೆಯ ಎರಡೂ ಪಕ್ಕ ನೋಡಿದಂತಾಗುತ್ತದೆ. ಮರುಪ್ರಯಾಣದ ರೈಲಿಗೂ ಉತ್ತರಕಾಶಿಗೂ ನಡುವೆ ಎರಡು ದಿನ ಖಾಲಿ ಇಟ್ಟುಕೊಳ್ಳಿ, ರಸ್ತೆ ಯಾವಾಗ ಕುಸಿದೀತು ಎಂದು ಹೇಳಲಾಗದು.