ಜಾಂಜಿಬಾರ್: ಬಾಗಿಲು ಹಾಕಿದ ಅರಮನೆಗೆ ದುಡ್ಡು ಕೊಡಬೇಡಿ

ಟಾಂಜಾನಿಯಾದ ಜಾಂಜಿಬಾರ್ ದ್ವೀಪದ ಹಳೆಯ ಪೇಟೆ ಸ್ಟೋನ್ ಟೌನ್‌ನ ಹೋಟೆಲುಗಳಲ್ಲಿ ಸುಲ್ತಾನರ ಇತಿಹಾಸದ ಟೂರ್ ಅಂತ ಒಂದನ್ನು ಮಾರುತ್ತಾರೆ. ಪಟ್ಟಿಯಲ್ಲಿ ಮೊದಲ ಹೆಸರೇ ಹೌಸ್ ಆಫ್ ವಂಡರ್ಸ್, ಸುಲ್ತಾನರ ಹಳೆಯ ಅರಮನೆ. ತಲೆಗಿಷ್ಟು ಡಾಲರ್ ಅಂತ ಮುಂಗಡ ವಸೂಲಿ ಮಾಡಿದ ಗೈಡ್ ನಮ್ಮನ್ನು ನಿಲ್ಲಿಸಿದ್ದು ಬೇಲಿಯ ಹೊರಗೆ. 2020ರ ಡಿಸೆಂಬರ್‌ನಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ಬಿದ್ದಿದೆ, ಒಳಗೆ ಬಿಡುವುದಿಲ್ಲ. ಈ ಮಾತನ್ನು ದುಡ್ಡು ತಗೊಳ್ಳುವ ಮುಂಚೆ ಹೇಳಬೇಕಿತ್ತು ಅಲ್ವಾ? ವಾಪಸ್ ಕೇಳಿದರೆ ಕೊಡಲಿಲ್ಲ. ನೀವು ಹೋಗುವಾಗ ಯಾವ ಕಟ್ಟಡ ತೆರೆದಿದೆ ಅಂತ ಮೊದಲು ವಿಚಾರಿಸಿ, ಆಮೇಲೆ ಜೇಬಿಗೆ ಕೈ ಹಾಕಿ.

ನನಗೆ ಇನ್ನೂ ಜಾಸ್ತಿ ಸಿಟ್ಟು ಬಂದಿದ್ದು ಅವನು ಹೇಳಿದ ಕಥೆಗೆ. ‘ಜಗತ್ತಿನ ಅತಿ ಚಿಕ್ಕ ಯುದ್ಧ, 38 ನಿಮಿಷ’ ಅಂತ ನಕ್ಕು, ಫೋಟೋ ತೆಗೆಸಿ ಮುಂದೆ ನಡೆದುಬಿಟ್ಟ. ಅಷ್ಟೇ ತಿಳಿದುಕೊಂಡು ಬಂದರೆ ಊರು ಅರ್ಥವಾಗುವುದಿಲ್ಲ.

ಓಮಾನ್‌ನ ಸುಲ್ತಾನ ಸಯ್ಯಿದ್ ಸಯೀದ್ ಮಸ್ಕತ್ ಬಿಟ್ಟು ಇಲ್ಲಿಗೇ ರಾಜಧಾನಿ ತಂದವನು. ನಮ್ಮ ಮಂಗಳೂರಿನ ಅಕ್ಕಿ ಟಿಪ್ಪು ಕಾಲದಲ್ಲಿ ಮಸ್ಕತ್‌ಗೆ ಹೋಗುತ್ತಿತ್ತಲ್ಲ, ಆಗ ಅಲ್ಲಿ ಆಳುತ್ತಿದ್ದುದೂ ಇದೇ ಮನೆತನ. ದ್ವೀಪದ ತುಂಬ ಲವಂಗದ ತೋಟ ಎಬ್ಬಿಸಿದರು, ದುಡಿಸಿದ್ದು ಗುಲಾಮರನ್ನು. ಸಯೀದ್ 1856ರಲ್ಲಿ ಸತ್ತ ಮೇಲೆ ಮಕ್ಕಳಲ್ಲಿ ಜಗಳ. 1861ರಲ್ಲಿ ಪಂಚಾಯ್ತಿ ಮಾಡಿ ಓಮಾನ್ ಬೇರೆ, ಜಾಂಜಿಬಾರ್ ಬೇರೆ ಅಂತ ಪಾಲು ಮಾಡಿದ್ದು ಯಾರು ಗೊತ್ತಾ? ಭಾರತದ ವೈಸ್‌ರಾಯ್ ಕ್ಯಾನಿಂಗ್. 1890ಕ್ಕೆ ಬ್ರಿಟಿಷರ ರಕ್ಷಣೆ ಬಂತು. ಸುಲ್ತಾನ ಸಿಂಹಾಸನದಲ್ಲಿ, ಅಧಿಕಾರ ಅವರ ಕೈಯಲ್ಲಿ. 1896ರ ಆಗಸ್ಟ್ 25ರಂದು ಸುಲ್ತಾನ ಹಮದ್ ಸತ್ತಾಗ ಅದೇ ಮನೆತನದ ಖಾಲಿದ್, ಬ್ರಿಟಿಷರನ್ನು ಕೇಳದೆ ಅರಮನೆಗೆ ನುಗ್ಗಿ ಕೂತ. 27ರ ಬೆಳಿಗ್ಗೆ 9ರ ಗಡುವು ಮುಗಿಯುತ್ತಿದ್ದಂತೆ ಹಡಗುಗಳಿಂದ ಗುಂಡು ಹಾರಿಸಿದರು. ಗೈಡ್ ನಕ್ಕು ಹೇಳಿದ ಯುದ್ಧ ಇದೇ. ಈ ಕಡೆ ಸತ್ತವರು, ಗಾಯಗೊಂಡವರು ಸುಮಾರು 500 ಜನ. ಬ್ರಿಟಿಷರ ಕಡೆ ಗಾಯವಾಗಿದ್ದು ಒಬ್ಬ ನಾವಿಕನಿಗೆ. ಖಾಲಿದ್ ಜರ್ಮನ್ ಕಾನ್ಸುಲೇಟ್‌ಗೆ ಓಡಿದ, ಅವತ್ತೇ ಬ್ರಿಟಿಷರಿಗೆ ಬೇಕಾದ ಹಮೂದ್‌ನನ್ನು ಕೂರಿಸಿದರು. ರಕ್ಷಣೆ ಅಂದರೆ ಏನು ಅಂತ ಸಮುದ್ರದ ದಂಡೆಯಲ್ಲಿ ನಿಂತರೆ ತಿಳಿಯುತ್ತದೆ: ಹಡಗು ನಿಂತಿದ್ದ ನೀರಿಗೂ ಅರಮನೆಗೂ ನಡುವೆ ಒಂದು ರಸ್ತೆ ಅಷ್ಟೇ.

ಟೂರ್ ಬಿಟ್ಟು ನಾವೇ ನಡೆದು ಹೋಗಿದ್ದು ಆಂಗ್ಲಿಕನ್ ಚರ್ಚ್‌ಗೆ. 1873ರಲ್ಲಿ ಮುಚ್ಚಿಸಿದ ಗುಲಾಮರ ಸಂತೆಯ ಜಾಗ ಅದು. ಟಿಕೆಟ್‌ಗೆ ಕೊಟ್ಟ ಕಾಸು ಸಾರ್ಥಕ. ಹೊರಗೆ ಒಂದು ಗುಂಡಿಯಲ್ಲಿ ಕಲ್ಲಿನ ಮನುಷ್ಯರು ನಿಂತಿದ್ದಾರೆ, ಕುತ್ತಿಗೆಗೆ ಹಾಕಿರುವುದು ಆ ಕಾಲದ ನಿಜವಾದ ಸರಪಳಿ. ತುಕ್ಕು ಹಿಡಿದ ಕೊಂಡಿ ನೋಡುತ್ತಾ ಅಲ್ಲೇ ಬಹಳ ಹೊತ್ತು ನಿಂತೆ. ಪಕ್ಕದ ನೆಲಮಾಳಿಗೆಯಲ್ಲಿ ಗುಲಾಮರನ್ನು ತುಂಬುತ್ತಿದ್ದರು ಅಂತ ಗೈಡ್‌ಗಳು ಹೇಳುತ್ತಾರೆ. ಅದು ಆಮೇಲೆ ಕಟ್ಟಿದ ಆಸ್ಪತ್ರೆಯದ್ದು ಅಂತ ವಾದಿಸುವ ಇತಿಹಾಸಕಾರರೂ ಇದ್ದಾರೆ. ಅಲ್ಲಿನ ಪ್ರದರ್ಶನದ ಬರಹಗಳನ್ನು ಪುರುಸೊತ್ತಾಗಿ ಓದಿ, ಅದೇ ನಿಮಗೆ ಒಳ್ಳೆಯ ಗೈಡ್.

ಊಟದ ವಿಷಯಕ್ಕೆ ಬಂದರೆ, ಫೊರೊಧಾನಿ ಪಾರ್ಕಿನ ಸಂಜೆ ಸಂತೆಗೆ ಎಲ್ಲರೂ ಹೋಗಿ ಅನ್ನುತ್ತಾರೆ. ನನಗೆ ಗದ್ದಲ ಪರವಾಗಿಲ್ಲ, ಆದರೆ ಪ್ರತಿ ಅಂಗಡಿಯವನೂ ಕೈ ಹಿಡಿದು ಎಳೆಯುವುದು ಆಗುವುದಿಲ್ಲ. ಅದರ ಬದಲು ಅಲ್ಲಿನ ಬೀದಿ ತಿಂಡಿ ಉರೊಜೊ ತಿನ್ನಿ. ಓಣಿಯೊಳಗೆ ಒಬ್ಬ ಹೆಂಗಸು ಮನೆ ಜಗುಲಿಯಲ್ಲಿ ಪಾತ್ರೆ ಇಟ್ಟುಕೊಂಡು ಬಡಿಸುತ್ತಿದ್ದರು. ಅರಿಶಿನದ ಬಣ್ಣದ ಹುಳಿ ಗೊಜ್ಜು, ತೆಳ್ಳಗೆ, ಮಾವಿನಕಾಯಿ ಹುಳಿ ಹಾಕಿದ್ದು. ಅದರೊಳಗೆ ಬೇಯಿಸಿದ ಆಲೂಗಡ್ಡೆ, ಬಜ್ಜಿ ಚೂರು, ಮೇಲೆ ಗರಿಗರಿ ಮರಗೆಣಸು, ತೆಂಗಿನಕಾಯಿ ಚಟ್ನಿ, ಕೊನೆಗೆ ಖಾರ. ಬಜ್ಜಿ ಅರ್ಧ ನೆಂದು, ಮರಗೆಣಸು ಇನ್ನೂ ಕರುಂ ಅನ್ನುವಾಗಲೇ ತಿಂದುಬಿಡಬೇಕು. ಸಸ್ಯಾಹಾರಿಗಳು ಮಾಂಸ, ಮೊಟ್ಟೆ ಬೇಡ ಅಂತ ಮೊದಲೇ ಹೇಳಿದರೆ ಸಾಕು, ಬೇಸರ ಮಾಡಿಕೊಳ್ಳುವುದಿಲ್ಲ. ನಮ್ಮ ದುಡ್ಡಿನಲ್ಲಿ ನೂರು ರೂಪಾಯಿ ಆಸುಪಾಸು. ಸಮುದ್ರ ಕಾಣುವ ಹೋಟೆಲಿನಲ್ಲಿ ಅದರ ಹತ್ತು ಪಟ್ಟು ಕೊಟ್ಟು ತಿಂದ ಪಾಸ್ತಾದ ರುಚಿಯೇ ನೆನಪಿಲ್ಲ.

ಊರಿನ ಉತ್ತರಕ್ಕೆ ಮರುಹುಬಿ ಇದೆ. ಸುಲ್ತಾನ ಬರ್ಗಾಶ್ ಜನಾನಾಕ್ಕೆ ಕಟ್ಟಿಸಿದ ಅರಮನೆ, 1899ರಲ್ಲಿ ಸುಟ್ಟುಹೋಯಿತು. ದಪ್ಪ ಕಂಬಗಳು, ಸ್ನಾನದ ಮನೆ ಉಳಿದಿವೆ. ಬುಬುಬು ಕಡೆಯ ದಲಾದಲಾ, ಅಂದರೆ ಅಲ್ಲಿನ ಮಿನಿ ಬಸ್ಸು, ಹತ್ತಿದರೆ ಸಾಕು. ಆದರೆ ಬಸ್ಸು ತುಂಬುವ ತನಕ ಹೊರಡುವುದಿಲ್ಲ, ತುಂಬಿದ ಮೇಲೂ ಹತ್ತಿಸುತ್ತಾರೆ. ನನ್ನ ಮೊಣಕಾಲ ಮೇಲೆ ಯಾರದೋ ಮೀನಿನ ಬುಟ್ಟಿ, ಕುತ್ತಿಗೆ ಬಗ್ಗಿಸಿಯೇ ಕೂರಬೇಕು. ಮಂಡಿ ನೋವಿನವರು, ವಯಸ್ಸಾದವರು ಇದ್ದರೆ ಟ್ಯಾಕ್ಸಿ ಮಾಡಿ, ಬಾಡಿಗೆ ಹತ್ತುವ ಮುಂಚೆಯೇ ಗಟ್ಟಿ ಮಾಡಿಕೊಳ್ಳಿ. ಮಧ್ಯಾಹ್ನ ಅಲ್ಲಿ ನೆರಳು ಕಡಿಮೆ, ಬೆಳಿಗ್ಗೆಯೇ ಹೋಗಿ.

ಬೀಚ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ತಿಂಗಳು ಆರಿಸುವಾಗ ಮಾತ್ರ ಎರಡು ವಿಷಯ ನೋಡಿಕೊಳ್ಳಿ. ರಂಜಾನ್ ಇದ್ದರೆ ಹಗಲಲ್ಲಿ ಉರೊಜೊ ಸಿಗುವುದು ಕಷ್ಟ. ಜನವರಿ 12 ಸರ್ಕಾರಿ ರಜೆ. 1963ರ ಡಿಸೆಂಬರ್‌ನಲ್ಲಿ ಬ್ರಿಟಿಷರು ಹೋಗಿ, 1964ರ ಆ ದಿನ ಕ್ರಾಂತಿಯಾಗಿ, ಕೊನೆಯ ಸುಲ್ತಾನ ಜಮ್‌ಶೀದ್ ದೇಶ ಬಿಟ್ಟ. ಕಚೇರಿ, ಬ್ಯಾಂಕ್ ಕೆಲಸವಿದ್ದರೆ ಹಿಂದಿನ ದಿನವೇ ಮುಗಿಸಿಕೊಳ್ಳಿ.