ಮೂರಡಿ ಆಳುಗಳ ಗುಡ್ಡ

ಸಿಂಧನೂರಿನಿಂದ ಗಂಗಾವತಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತರೆ ಕಾಣುವುದು ಭತ್ತದ ಗದ್ದೆ, ಅಕ್ಕಿ ಗಿರಣಿ, ಮತ್ತೆ ಗದ್ದೆ. ನಡುನಡುವೆ ‘ಕ್ಯಾಂಪ್’ ಎಂದು ಮುಗಿಯುವ ಊರುಗಳ ಬೋರ್ಡು. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಕರಾವಳಿ ಆಂಧ್ರದ ರೈತರು 1950ರ ದಶಕದಿಂದ ಈ ಸೀಮೆಗೆ ಬಂದು, ಎರೆ ಹೊಲ ಕೊಂಡು, ಗುಡಿಸಲು ಹಾಕಿಕೊಂಡರು. ಜೋಳ ಬಿತ್ತಿ ಮುಗಿಲು ನೋಡುತ್ತ ಕೂರುವುದಷ್ಟೇ ಗೊತ್ತಿದ್ದ ನಮ್ಮವರು ಅಗ್ಗಕ್ಕೆ ಮಾರಿದರು. ನನ್ನ ಅಜ್ಜನೂ ಮಾರಿದವರಲ್ಲಿ ಒಬ್ಬ. ಆ ಮಾತು ನಮ್ಮ ಮನೆಯಲ್ಲಿ ಇಂದಿಗೂ ಊಟದ ಹೊತ್ತಿಗೆ ಎದ್ದು ಬರುತ್ತದೆ. ಗುಡಿಸಲು ಹೋಗಿ ಮಹಡಿ ಮನೆ ಬಂತು, ಮೂರನೆಯ ತಲೆಮಾರೂ ಬಂತು. ಹೆಸರು ಮಾತ್ರ ಕ್ಯಾಂಪ್, ನಾಳೆಯೇ ಡೇರೆ ಕಿತ್ತುಕೊಂಡು ಹೊರಡುವವರ ಹಾಗೆ.

ನಾನು ಹೊರಟಿದ್ದು ಹಿರೇಬೆಣಕಲ್ಲಿಗೆ. ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರು. ಬಸ್ ನಿಲ್ದಾಣದ ಎದುರು ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದು ಇನ್ನೊಂದು ಬಸ್ ಹಿಡಿದೆ. ರೈಲಿನಲ್ಲಿ ಬರುವವರು ಚಿಕ್ಕಬೆಣಕಲ್ಲಿನಲ್ಲಿ ಇಳಿಯಬೇಕು. ನಿಲ್ದಾಣ ಸಿಕ್ಕಿದ್ದು ಚಿಕ್ಕದಕ್ಕೆ. ಹಿರಿಯದಕ್ಕೆ ಗುಡ್ಡವೇ ಗತಿ.

ಅದು 2024ರ ಅಕ್ಟೋಬರ್ ಕೊನೆ. ಭತ್ತ ತೆನೆ ಕಟ್ಟಿತ್ತು. ಬದುವಿನ ಮೇಲೆ ಸಲಿಕೆ ಊರಿ ನಿಂತಿದ್ದ ಹಿರಿಯರೊಬ್ಬರನ್ನು ದಾರಿ ಕೇಳಿದೆ.

“ಮೋರ್ಯರ ಮನೆಗಳಿಗೋ? ಒಬ್ಬನೇ ಹೋಗಬೇಡ ತಮ್ಮಾ, ಕರಡಿ ಇರುತ್ತವೆ” ಎಂದರು. ಆಮೇಲೆ ನನ್ನ ಬೂಟು ನೋಡಿ, ಏನೆನಿಸಿತೋ, ಮೊಮ್ಮಗನನ್ನು ಜೊತೆಗೆ ಕಳಿಸಿದರು. ಹೊರಡುವ ಮುಂಚೆ ಬೆಳೆಯ ಮಾತು ಬಂತು. ಆ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಗಿತ್ತು. ಗದ್ದೆಗೆ ಬರಬೇಕಾದ ನೀರು ಕಣ್ಣೆದುರೇ ಹೊಳೆ ಪಾಲಾಗುತ್ತಿದ್ದ ಆ ದಿನಗಳಲ್ಲಿ ಇಲ್ಲಿ ಯಾರಿಗೂ ನಿದ್ದೆ ಇರಲಿಲ್ಲವಂತೆ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು, ಮಳೆಯೂ ಕೈಬಿಡಲಿಲ್ಲ, ಅಣೆಕಟ್ಟು ಮತ್ತೆ ತುಂಬಿತು. “ಈ ಸಲದ ಅನ್ನ ದೇವರು ಕೊಟ್ಟಿದ್ದು” ಎಂದು ಕಾಕಾ ತೆನೆಯನ್ನು ಸವರಿದರು.

ಗದ್ದೆ ದಾಟಿದ್ದೇ ತಡ, ಹಸಿರು ಚಾಕುವಿನಲ್ಲಿ ಕತ್ತರಿಸಿದಂತೆ ನಿಂತುಬಿಡುತ್ತದೆ. ಮುಂದೆ ಬರೀ ಬಂಡೆ, ಮುಳ್ಳುಕಂಟಿ, ಸೀತಾಫಲದ ಗಿಡ. ಹುಡುಗ ಹಣ್ಣು ಕಿತ್ತು ಜೇಬಿಗೆ ತುಂಬುತ್ತ ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಅರ್ಧ ದಾರಿಗೇ ನನ್ನ ನೀರು ಮುಗಿಯಿತು. ಬಂಡೆಯ ಮೇಲೆ ಯಾರೋ ಬರೆದ ಬಿಳಿ ಬಾಣದ ಗುರುತುಗಳಿದ್ದವು. ಹುಡುಗ ಅವುಗಳ ಕಡೆ ಕಣ್ಣೂ ಹಾಯಿಸಲಿಲ್ಲ.

ಮೇಲೆ ಹತ್ತಿ ನಿಂತಾಗ ನನಗೆ ಮೊದಲು ಹೊಳೆದ ಮಾತು ‘ಓಣಿ’. ನಾಲ್ಕು ಕಲ್ಲುಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಒಂದು ಗೋಡೆಗೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ಕೆಲವು ಮೊಣಕಾಲಿನೆತ್ತರ, ಕೆಲವು ನನಗಿಂತ ಎತ್ತರ. ಸಣ್ಣವು ದೊಡ್ಡವು ಸೇರಿ ಸುಮಾರು 400 ಇವೆ. ಕ್ರಿ.ಪೂ. 800ರಿಂದ 200ರ ನಡುವಿನ, ಕಬ್ಬಿಣ ಬಳಸಲು ಕಲಿತ ಜನರ ಸಮಾಧಿ ನೆಲೆಯಿದು ಎನ್ನುತ್ತಾರೆ ಪುರಾತತ್ತ್ವಜ್ಞರು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಊರಿನವರಿಗೆ ಮಾತ್ರ ಇವು ಮನೆಗಳೇ. ಮೋರ್ಯರೆಂಬ ಮೂರಡಿ ಎತ್ತರದ, ಮಹಾಬಲದ ಜನ ಇಲ್ಲಿ ಸಂಸಾರ ಮಾಡಿಕೊಂಡಿದ್ದರಂತೆ. ಮೋರ್ಯ ಎಂದ ಕೂಡಲೇ ಮನಸ್ಸು ಅಶೋಕನತ್ತ ಓಡುತ್ತದೆ. ಅವನ ಶಾಸನಗಳೂ ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ ಇವೆ. ಆದರೆ ಇಲ್ಲಿನ ಹಳೆಯ ಕಲ್ಲುಗಳು ಎದ್ದು ನಿಂತಾಗ ಅಶೋಕನಿನ್ನೂ ಹುಟ್ಟಿರಲಿಲ್ಲ.

ಸಮಾಧಿಗಳ ನಡುವೆ ಒಂದು ಕೊಳವಿದೆ. ಚಪ್ಪಡಿ ಎಬ್ಬಿಸಿದ ಕ್ವಾರಿಯ ಗುಂಡಿಯೇ ಕೊಳವಾಗಿದೆ. ಕೆಳಗೆ ನೀರಿಗಾಗಿ ನದಿಗೆ ಅಡ್ಡಗಟ್ಟೆ ಕಟ್ಟಿ, ಕಾಲುವೆ ತೋಡಿ, ಗೇಟಿಗೆ ಕಾವಲು ಕೂತಿದ್ದೇವೆ. ಇಲ್ಲಿ ಕಲ್ಲಿಗಾಗಿ ಅಗೆದವರಿಗೆ ನೀರು ತಾನಾಗಿ ಒದಗಿತು. ಕೆಲವು ಚಪ್ಪಡಿಗಳು ಮುರಿದು ಬಿದ್ದಿದ್ದವು. ಎಲ್ಲವೂ ಕಾಲನ ಕೆಲಸವಲ್ಲ, ನಿಧಿಯ ಆಸೆಗೆ ಅಗೆದವರ ಪಾಲೂ ಅದರಲ್ಲಿದೆ. ಚಿನ್ನ ಹೂಳುವಷ್ಟು ಸಿರಿವಂತರಾಗಿದ್ದರೆ ಇಷ್ಟು ಕಲ್ಲು ಹೊರುತ್ತಿದ್ದರೇ?

ಹುಡುಗನಿಗೆ ಇದೆಲ್ಲಕ್ಕಿಂತ ನಗಾರಿ ಮುಖ್ಯ. ಎತ್ತರದ ಬಂಡೆಯೊಂದರ ನೆತ್ತಿಯ ಮೇಲೆ ಬೋರಲು ಹಾಕಿದ ಬೋಗುಣಿಯಂಥ ಗುಂಡುಕಲ್ಲು. ಅವನು ಮಂಗನಂತೆ ಹತ್ತಿ ಕಟ್ಟಿಗೆಯಿಂದ ಬಡಿದ. ಕಲ್ಲಿನ ಟಣ್ ಸದ್ದಲ್ಲ ಅದು. ಜಾತ್ರೆಯ ನಗಾರಿಯಂತೆ ಒಳಗಿನಿಂದ ತುಂಬಿ ಬಂದ ಧ್ವನಿ. ಸಾವಿನ ಸುದ್ದಿ ಸಾರಲು ಬಡಿಯುತ್ತಿದ್ದರೋ, ಶತ್ರು ಬಂದನೆಂದೋ? ಹುಡುಗ ಬಡಿದದ್ದು ಅಜ್ಜನಿಗೆ ಕೇಳಲಿ ಎಂದು.

ಕೇಳಿತ್ತು. ಇಳಿದು ಬಂದಾಗ ಕಾಕಾ ಬೇವಿನ ನೆರಳಿನಲ್ಲಿ ಕಾಯುತ್ತಿದ್ದರು.

“ಮನೆ ನೋಡಿದೆಯಾ?”

ಅವು ಮನೆಗಳಲ್ಲ, ಸಮಾಧಿಗಳು ಎಂದು ನಾನು ಓದಿದ್ದನ್ನೆಲ್ಲ ಹೇಳಿದೆ. ಸಮಾಧಾನದಿಂದ ಕೇಳಿಸಿಕೊಂಡರು.

“ಇರಬಹುದು. ಸತ್ತವರಿಗೆ ಕಿಂಡಿ ಯಾಕೆ ಬೇಕಾಯಿತು?”

ಕಿಂಡಿ ಅಷ್ಟು ಸಣ್ಣದು, ಅದರಲ್ಲಿ ಆಳು ನುಸುಳುವುದು ಕಷ್ಟ ಎಂದೆ.

“ಅದಕ್ಕೇ ಹೇಳಿದ್ದು, ಮೂರಡಿ ಇದ್ದರು” ಎಂದು ನಕ್ಕು, ಸಲಿಕೆ ಎತ್ತಿಕೊಂಡು ಮಡೆ ತಿರುವಲು ಹೋದರು. ಹುಡುಗ ಜೇಬಿನಿಂದ ಸೀತಾಫಲ ತೆಗೆದು ನನ್ನ ಕೈಗಿತ್ತ. ಇಳಿಯುವ ಭರದಲ್ಲಿ ಅದು ಅಪ್ಪಚ್ಚಿಯಾಗಿತ್ತು.