ಮರಗೆಲಸ ಶುರುಮಾಡುವವರಿಗೆ: ಒಂದು ಹಲಸಿನ ಮಣೆ, ಒಂದು ಗೋಡೆಯ ಶೆಲ್ಫ್

ಮರಗೆಲಸ ಕಲಿಯಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಮಿಷನ್ ತೆಗೆದುಕೊಳ್ಳಲಿ ಎಂದು. ನಮ್ಮ ಕಾಸರಗೋಡಿನ ಕಡೆ ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ: ಹಲಗೆ ಒಣಗಿದೆಯೇ? ಯೂಟ್ಯೂಬಿನಲ್ಲಿ ತೋರಿಸುವ ಹೆಚ್ಚಿನ ಕೆಲಸಗಳು ಒಣಹವೆಯ ಊರಿನವು, ಪೈನ್ ಮರದವು. ಅವನ್ನೇ ಇಲ್ಲಿ ಹಾಗೆಯೇ ಮಾಡಿದರೆ ಏಪ್ರಿಲ್‌ನಲ್ಲಿ ಚಂದ ಕಂಡದ್ದು ಜುಲೈಗೆ ಸೊಟ್ಟಗಾಗುತ್ತದೆ, ಮುಂದಿನ ಬೇಸಿಗೆಗೆ ಸೀಳುತ್ತದೆ. ಮಳೆ ಹಿಡಿದ ಮೇಲೆ ಬಾಗಿಲು ದಾರಂದಕ್ಕೆ ಸಿಕ್ಕಿಕೊಳ್ಳುವುದು ಕುಂಬಳೆಯಿಂದ ಪೆರ್ಲದವರೆಗೆ ಎಲ್ಲರಿಗೂ ಗೊತ್ತು. ಆ ಬಾಗಿಲಿಗೆ ಆಗುವುದೇ ನೀವು ಮಾಡುವ ಪ್ರತಿ ವಸ್ತುವಿಗೂ ಆಗುತ್ತದೆ.

ಮರ ಗಾಳಿಯ ತೇವ ಹೀರಿ ಅಗಲಕ್ಕೆ ಹಿಗ್ಗುತ್ತದೆ, ಒಣಗಿದಾಗ ಅಗಲದಲ್ಲೇ ಕುಗ್ಗುತ್ತದೆ. ಉದ್ದದಲ್ಲಿ ಆಗುವ ಬದಲಾವಣೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ. 10 ಇಂಚು ಅಗಲದ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಸುಮಾರು 2ರಿಂದ 3 ಮಿಲಿಮೀಟರ್ ಸರಿದಾಡುತ್ತದೆ. ಅಂಟು, ಮೊಳೆ, ಸ್ಕ್ರೂ ಯಾವುದೂ ಇದನ್ನು ತಡೆಯಲಾರದು. ತಡೆಯಹೋದರೆ ಹಲಗೆಯೇ ಒಡೆಯುತ್ತದೆ. ಆದ್ದರಿಂದ ಸರಿದಾಡಲು ಜಾಗ ಬಿಟ್ಟು ಕೂಡಿಸುವುದನ್ನು ಮೊದಲು ಕಲಿಯಬೇಕು. ಅದನ್ನು ಕಲಿಸಲು ಮಣೆಗಿಂತ ಒಳ್ಳೆಯ ವಸ್ತು ನನಗೆ ಕಾಣುವುದಿಲ್ಲ. ಮೂರೇ ತುಂಡು, ಮಿಷನ್ ಎಂದರೆ ಒಂದು ಡ್ರಿಲ್ ಸಾಕು, ಮನೆಯಲ್ಲಿ ದಿನಾ ಉಪಯೋಗಕ್ಕೂ ಬರುತ್ತದೆ.

ಮರ ಯಾವುದು? ಹಲಸು. ಹದವಾದ ಗಟ್ಟಿ, ಉಳಿಗೆ ಒಗ್ಗುತ್ತದೆ, ಚೇಗಿಗೆ (ಮರದ ಒಳಗಿನ ಗಟ್ಟಿ ಭಾಗಕ್ಕೆ) ಗೆದ್ದಲು ಸುಲಭದಲ್ಲಿ ಹತ್ತುವುದಿಲ್ಲ, ಹಳದಿ ಬಣ್ಣ ಬೆಳಕು ಬಿದ್ದಂತೆ ಕಂದಾಗುತ್ತದೆ. ಹೆಬ್ಬಲಸೂ ಒಳ್ಳೆಯದೇ. ಮಾವು ಅಗ್ಗ, ಕೊಯ್ಯಲು ಸುಲಭ, ಆದರೆ ಕುಟ್ಟೆ ಹುಳ ಹಿಡಿಯುತ್ತದೆ. ರಬ್ಬರ್ ಮರವನ್ನು ಬೋರಿಕ್ ಆಸಿಡ್ ಮತ್ತು ಬೋರಾಕ್ಸ್ ದ್ರಾವಣದಲ್ಲಿ ಸಂಸ್ಕರಿಸಿದ್ದರೆ ಮಾತ್ರ ಕೊಳ್ಳಿ. ತೋಟದಿಂದ ಕಡಿದು ತಂದ ಹಸಿ ರಬ್ಬರಿಗೆ ಕೆಲವೇ ದಿನಗಳಲ್ಲಿ ನೀಲಿ ಬೂಸ್ಟು, ಅದರ ಹಿಂದೆಯೇ ಹುಳ. ಹಲಸಿನಲ್ಲೂ ತೊಗಟೆಗೆ ತಾಗಿದ ಬಿಳಿಭಾಗ ಹುಳಕ್ಕೆ ಇಷ್ಟ. ಅಂಚಿನಲ್ಲಿ ಬಿಳಿ ಕಂಡರೆ ಅಷ್ಟನ್ನೂ ಕೊಯ್ದು ತೆಗೆಯಿರಿ, ಜಿಪುಣತನ ಬೇಡ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಮರ ಸಿಗುವುದು ಹಳೆಯ ಹಂಚಿನ ಮನೆ ಬಿಚ್ಚುವಲ್ಲಿ. ಅಲ್ಲಿನ ಮಾಡಿನ ಪಕ್ಕಾಸು, ರೀಪು (ಹಂಚು ಹೊರುವ ತೊಲೆ, ಪಟ್ಟಿಗಳು), ಕಿಟಕಿ ಬಾಗಿಲುಗಳು ದಶಕಗಳ ಕಾಲ ಇದೇ ಹವೆಯಲ್ಲಿ ಮಳೆ ಬಿಸಿಲು ಉಂಡು ಹದವಾದವು. ಹೊಸದಾಗಿ ಒಣಗಿಸುವ ಕೆಲಸವೇ ಇಲ್ಲ. ಒಂದೇ ತೊಂದರೆ, ಒಳಗೆ ಮುರಿದು ನಿಂತ ಮೊಳೆ. ಒಂದು ಮೊಳೆ ಸಿಕ್ಕರೆ ಉಜ್ಜುಗೊರಡಿನ ಅಲಗು ಹಲ್ಲುಹಲ್ಲಾಗುತ್ತದೆ, ಅದನ್ನು ಸಾಣೆ ಹಿಡಿದು ಸರಿಮಾಡಲು ಅರ್ಧ ದಿನ. ಹಾಳಾದ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನಕ್ಕೆ ಆಡಿಸಿ. ಎಲ್ಲಿ ಎಳೆಯುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಮೊಳೆಯ ಸುತ್ತ ಮರ ಕಪ್ಪಾಗಿರುವುದೂ ಒಂದು ಸುಳಿವು.

ಮಿಲ್ಲಿನಲ್ಲಿ ಹೊಸದಾಗಿ ಕೊಯ್ಸಿದ ಹಲಗೆಯಾದರೆ ಕಾಯಬೇಕು. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎನ್ನುವುದು ಹಳೆಯ ಲೆಕ್ಕ. ನೆಲದಿಂದ ಒಂದಡಿ ಎತ್ತರಕ್ಕೆ, ಮಳೆ ಎರಚಲು ಬೀಳದ ಆದರೆ ಗಾಳಿಯಾಡುವ ಜಾಗದಲ್ಲಿ ಪೇರಿಸಿ. ಹಲಗೆ ಹಲಗೆಯ ನಡುವೆ ಒಂದು ಇಂಚಿನ ರೀಪಿನ ತುಂಡುಗಳನ್ನು ಒಂದೂವರೆ ಅಡಿಗೊಂದರಂತೆ ಇಡಿ, ಎಲ್ಲ ಸಾಲಿನಲ್ಲೂ ಒಂದರ ಮೇಲೊಂದು ನೇರವಾಗಿ ಬರಬೇಕು, ಇಲ್ಲದಿದ್ದರೆ ಹಲಗೆ ಬಳುಕುತ್ತದೆ. ಎರಡೂ ತುದಿಗೆ ಕೊಯ್ದ ದಿನವೇ ದಪ್ಪಕ್ಕೆ ಪೈಂಟ್ ಬಳಿಯಿರಿ. ತುದಿಯಿಂದ ನೀರು ಬೇಗ ಆರಿಹೋಗುವುದರಿಂದಲೇ ಅಲ್ಲಿ ಬಿರುಕು ಹುಟ್ಟುವುದು.

ಒಣಗಿತೋ ಇಲ್ಲವೋ ಎಂದು ತಿಳಿಯಲು ಮೀಟರ್ ಬೇಕೆಂದಿಲ್ಲ, ತಕ್ಕಡಿ ಸಾಕು. ಪೇರಿಕೆಯಿಂದ ಅದೇ ಒಂದು ಹಲಗೆಯನ್ನು ವಾರಕ್ಕೊಮ್ಮೆ ತೂಗಿ ಹಲಗೆಯ ಮೇಲೆಯೇ ಬರೆಯಿರಿ. ತೂಕ ಇಳಿಯುತ್ತಿರುವವರೆಗೆ ನೀರು ಹೋಗುತ್ತಿದೆ. ನಾಲ್ಕೈದು ವಾರ ಒಂದೇ ತೂಕ ನಿಂತರೆ ಸುತ್ತಲಿನ ಗಾಳಿಗೆ ಹೊಂದಿಕೊಂಡಿತು ಎಂದರ್ಥ. ಆದರೆ ಈ ಪರೀಕ್ಷೆ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಆಗಬೇಕು. ಮಳೆಗಾಲದಲ್ಲಿ ತೂಕ ನಿಂತರೂ ಅದು ಒಣಗಿದ್ದಲ್ಲ, ಗಾಳಿಯೇ ತೇವವಾಗಿದೆ, ಅಷ್ಟೆ.

ಉಪಕರಣ ಕಡಿಮೆ ಸಾಕು. ಒಂದು ಕೈಗರಗಸ, 12 ಮತ್ತು 25 ಮಿಲಿಮೀಟರಿನ ಎರಡು ಉಳಿ, ಒಂದು ಉಜ್ಜುಗೊರಡು, ಮೂಲೆಮಟ್ಟ, ಟೇಪು, ಡ್ರಿಲ್, ಎರಡು ಕ್ಲಾಂಪ್, ಒಂದು ಸಾಣೆಕಲ್ಲು. ಹಣ ಉಳಿದರೆ ಮೂರನೇ ಕ್ಲಾಂಪಿಗೆ ಹಾಕಿ. ಆ್ಯಂಗಲ್ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದನ್ನು ಮಾತ್ರ ಖಂಡಿತಾ ಮಾಡಬೇಡಿ. ಬ್ಲೇಡ್ ಮರದಲ್ಲಿ ಕಚ್ಚಿಕೊಂಡರೆ ಮಿಷನ್ ಕೈತಪ್ಪಿ ಮೈಮೇಲೆ ಬರುತ್ತದೆ. ಹೊಸ ಉಳಿ ಅಂಗಡಿಯಿಂದ ಹರಿತವಾಗಿ ಬರುವುದಿಲ್ಲ. 25ರಿಂದ 30 ಡಿಗ್ರಿಯಲ್ಲಿ ಉಜ್ಜಿ, ಹಿಂಬದಿಯನ್ನು ಕಲ್ಲಿನ ಮೇಲೆ ಪೂರ್ತಿ ಚಪ್ಪಟೆಯಾಗಿಟ್ಟು ಹೊಳಪು ಬರುವವರೆಗೆ ತಿಕ್ಕಿ. ಹರಿತ ನೋಡಲು ಮುಂಗೈ ರೋಮ ಬೋಳಿಸುವುದಲ್ಲ, ಮರದ ಅಡ್ಡತುದಿ (ಎಳೆಗೆ ಅಡ್ಡವಾಗಿ ಕೊಯ್ದ ಕೊನೆ) ಕೆತ್ತಿ ನೋಡಿ: ಅದನ್ನು ಪುಡಿಯಾಗಿಸದೆ ತೆಳ್ಳಗೆ ಸೀಳಿ ತೆಗೆದರೆ ಉಳಿ ಸಿದ್ಧ. ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಿ. ನೇರ ಅಂಚಿಗೆ ಹಿಡಿದು ಒಂದು ಗೆರೆ ಎಳೆಯಿರಿ, ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಎಳೆಯಿರಿ. ಎರಡೂ ಒಂದೇ ಆಗದೆ ಕವಲೊಡೆದರೆ ಆ ಮಟ್ಟ ಬೇಡ.

ಮಣೆ

ಹಲಗೆ 15 ಇಂಚು ಉದ್ದ, 11 ಇಂಚು ಅಗಲ, ಉಜ್ಜಿದ ಮೇಲೆ 22 ಮಿಲಿಮೀಟರ್ ದಪ್ಪ ಉಳಿಯಬೇಕು. ಕೆಳಗಿನ ಕಾಲಿಗೆ 10 ಇಂಚು ಉದ್ದದ ಎರಡು ಪಟ್ಟಿ, ಒಂದೂವರೆ ಇಂಚು ಅಗಲ, 32 ಮಿಲಿಮೀಟರ್ ಎತ್ತರ. 38 ಮಿಲಿಮೀಟರ್ ಉದ್ದದ 8 ನಂಬರ್ ಪ್ಯಾನ್ ಹೆಡ್ ಸ್ಕ್ರೂ ಆರು, ಹೊರಗಿನ ಅಗಲ 10 ಮಿಲಿಮೀಟರ್ ಇರುವ ವಾಷರ್ ಆರು. ಎರಡೂ ಸ್ಟೀಲ್ ಆಗಿರಲಿ, ತುಕ್ಕು ಹಿಡಿಯದ ಜಾತಿಯದು. ಕಡಲಿಗೆ ಇಷ್ಟು ಹತ್ತಿರದ ಊರಿನಲ್ಲಿ ಮಾಮೂಲಿ ಕಬ್ಬಿಣದ ಸ್ಕ್ರೂ ಬೇಗ ತುಕ್ಕುಹಿಡಿದು ಸುತ್ತಲಿನ ಮರವನ್ನೂ ಕಪ್ಪು ಮಾಡುತ್ತದೆ.

ಕೊಯ್ಯುವ ಗೆರೆಯನ್ನು ಪೆನ್ಸಿಲಿನಲ್ಲಿ ಅಲ್ಲ, ಚೂರಿಯಲ್ಲಿ ಗೀರಿ. ಮೇಲ್ಮೈ ಎಳೆ ಮೊದಲೇ ಕತ್ತರಿಸಿರುವುದರಿಂದ ಗರಗಸ ಅಂಚನ್ನು ಕಿತ್ತುಹಾಕುವುದಿಲ್ಲ. ಗರಗಸ ಗೆರೆಯ ಮೇಲೆ ಹೋಗಬಾರದು, ಬಿಸಾಡುವ ತುಂಡಿನ ಕಡೆ ಗೆರೆಗೆ ತಾಗಿ ಹೋಗಬೇಕು. ಕೊಯ್ಲು ಮುಗಿಯುವ ಹೊತ್ತಿಗೆ ಬೀಳುವ ತುಂಡನ್ನು ಕೈಯಲ್ಲಿ ಹಿಡಿದುಕೊಳ್ಳಿ, ಇಲ್ಲವಾದರೆ ಮೂಲೆ ಮುರಿದು ಬರುತ್ತದೆ.

ಹಲಸಿನ ಎಳೆ ಒಂದೇ ದಿಕ್ಕಿಗೆ ಹೋಗುವುದು ಅಪರೂಪ. ಒಂದು ಪಟ್ಟಿಯಲ್ಲಿ ಆ ಕಡೆ, ಪಕ್ಕದ ಪಟ್ಟಿಯಲ್ಲಿ ಈ ಕಡೆ. ಉಜ್ಜುವಾಗ ಅಲ್ಲಲ್ಲಿ ಸಿಬಿರೆದ್ದು ಕುಳಿ ಬೀಳುವುದು ಇದರಿಂದ. ಅಲಗನ್ನು ಕಾಗದದಷ್ಟು ತೆಳು ಹೊಟ್ಟು ಬರುವ ಹಾಗೆ ಹಿಂದೆಗೆದು, ಗೊರಡನ್ನು ಸ್ವಲ್ಪ ಓರೆಯಾಗಿ ಹಿಡಿದು ತಳ್ಳಿ. ಮತ್ತೂ ಸಿಬಿರೇಳುವ ಜಾಗವನ್ನು ಗೊರಡಿಗೆ ಕೊಡದೆ ಸ್ಕ್ರೇಪರಿನಲ್ಲಿ (ಮರ ಕೆರೆಯುವ ತೆಳು ಉಕ್ಕಿನ ತಗಡು) ಕೆರೆದುಬಿಡಿ. ಅಡ್ಡತುದಿಯನ್ನು ಎರಡೂ ಅಂಚಿನಿಂದ ನಡುವಿಗೆ ಉಜ್ಜಬೇಕು, ಒಂದೇ ಕಡೆಯಿಂದ ಹೊರಕ್ಕೆ ತಳ್ಳಿದರೆ ಆಚೆ ಅಂಚು ಸೀಳುತ್ತದೆ.

11 ಇಂಚಿನ ಒಂದೇ ಹಲಗೆ ಸಿಗದಿದ್ದರೆ ಐದೂವರೆಯ ಎರಡನ್ನು ಅಂಟಿಸಿ. ಎರಡನ್ನೂ ಪುಸ್ತಕ ಮಡಚಿದಂತೆ ಒಟ್ಟಿಗೆ ಹಿಡಿದು ಕ್ಲಾಂಪ್ ಹಾಕಿ, ಕೂಡುವ ಎರಡು ಅಂಚುಗಳನ್ನು ಒಂದೇ ಸಲಕ್ಕೆ ಉಜ್ಜಿ. ಕೈ ಸ್ವಲ್ಪ ಓರೆಯಾಗಿದ್ದರೂ ಬಿಡಿಸಿ ಜೋಡಿಸಿದಾಗ ಒಂದರ ಓರೆ ಇನ್ನೊಂದರ ಓರೆಯಿಂದ ಸರಿಹೋಗಿ ಮೇಲ್ಮೈ ಸಮತಟ್ಟಾಗುತ್ತದೆ. ಬೆಳಕಿಗೆ ಹಿಡಿದು ನೋಡಿ, ತುದಿಗಳಲ್ಲಿ ಬೆಳಕು ಕಾಣಬಾರದು. ಮಣೆಗೆ ನೀರು ತಾಗುವುದರಿಂದ ಫೆವಿಕಾಲ್ ಎಸ್‌ಎಚ್ ಬೇಡ, ಮರೀನ್ ತೆಗೆದುಕೊಳ್ಳಿ. ಕ್ಲಾಂಪ್ ಬಿಗಿದಾಗ ಅಂಟು ಉದ್ದಕ್ಕೂ ಸಣ್ಣ ಹನಿಗಳಾಗಿ ಹೊರಬರಬೇಕು. ಒಂದು ದಿನ ಅಲ್ಲಾಡಿಸಬೇಡಿ.

ಈಗ ಮುಖ್ಯವಾದದ್ದು, ಕಾಲಿನ ಪಟ್ಟಿ. ಹಲಗೆಯ ಎಳೆ ಉದ್ದಕ್ಕೆ, ಪಟ್ಟಿಯ ಎಳೆ ಅದಕ್ಕೆ ಅಡ್ಡ. ಹಲಗೆ ಅಗಲಕ್ಕೆ ಸರಿದಾಡುತ್ತದೆ, ಪಟ್ಟಿ ತನ್ನ ಉದ್ದದಲ್ಲಿ ಸರಿದಾಡುವುದಿಲ್ಲ. ಪಟ್ಟಿಯ ಉದ್ದಕ್ಕೂ ಅಂಟು ಹಚ್ಚಿದರೆ ಮೊದಲ ಬೇಸಿಗೆಯಲ್ಲೇ ಹಲಗೆ ನಡುವೆ ಟಪ್ ಎಂದು ಸೀಳುವುದು ಇದಕ್ಕೇ. ಅಂಟು ಬೇಡ. ಪ್ರತಿ ಪಟ್ಟಿಯಲ್ಲಿ ಮೂರು ತೂತು: ನಡುವಿನದು ಬಿಗಿ, ಎರಡು ತುದಿಯವು ಉದ್ದುದ್ದ.

ಮೊದಲು ಪಟ್ಟಿಯ ಅಡಿಯಿಂದ 16 ಮಿಲಿಮೀಟರ್ ಬಿಟ್‌ನಲ್ಲಿ 10 ಮಿಲಿಮೀಟರ್ ಆಳ ಕೊರೆಯಿರಿ, ಸ್ಕ್ರೂವಿನ ತಲೆ ಮತ್ತು ವಾಷರ್ ಕೂರಲು. ಆಮೇಲೆ ಅದೇ ನಡುಬಿಂದುವಿನಲ್ಲಿ 4.5 ಮಿಲಿಮೀಟರ್ ತೂತು ಪೂರ್ತಿ ಆಚೆಗೆ. ಈ ಕ್ರಮ ತಿರುಗಿಸಬೇಡಿ, ಸಣ್ಣದನ್ನು ಮೊದಲು ಕೊರೆದರೆ ದೊಡ್ಡ ಬಿಟ್‌ಗೆ ನಿಲ್ಲಲು ನಡುಬಿಂದುವೇ ಇರುವುದಿಲ್ಲ. ತುದಿಯ ತೂತುಗಳಲ್ಲಿ 4.5ರ ಬಿಟ್ಟನ್ನೇ ಪಟ್ಟಿಯ ಉದ್ದದ ದಿಕ್ಕಿಗೆ ಆ ಕಡೆ ಈ ಕಡೆ ಸರಿಸಿ ಕೊರೆದು, ನಡುವೆ ಉಳಿದದ್ದನ್ನು ಸಣ್ಣ ಅರದಲ್ಲಿ ತೆಗೆದು 8 ಮಿಲಿಮೀಟರ್ ಉದ್ದದ ಸೀಳು ಮಾಡಿ. ಪಟ್ಟಿಯನ್ನು ಹಲಗೆಯ ತುದಿಯಿಂದ ಎರಡು ಇಂಚು ಒಳಗೆ, ಎರಡೂ ಬದಿ ಅರ್ಧರ್ಧ ಇಂಚು ಬಿಟ್ಟು ಇಡಿ. ಹಲಗೆಯಲ್ಲಿ 3 ಮಿಲಿಮೀಟರಿನ ತೂತು, 16 ಮಿಲಿಮೀಟರ್ ಆಳ. ಬಿಟ್‌ಗೆ ಆ ಅಳತೆಗೆ ಇನ್ಸುಲೇಷನ್ ಟೇಪ್ ಸುತ್ತಿ, ಟೇಪ್ ಮರಕ್ಕೆ ತಾಗಿದಾಗ ನಿಲ್ಲಿಸಿ. ಹಲಗೆಯಲ್ಲಿ ಉಳಿಯುವುದು 6 ಮಿಲಿಮೀಟರ್ ಮಾತ್ರ, ಅಂದಾಜಿಗೆ ಕೊರೆದರೆ ಸ್ಕ್ರೂ ಮೇಲೆ ಇಣುಕುತ್ತದೆ. ಸ್ಕ್ರೂವಿಗೆ ಸ್ವಲ್ಪ ಸೋಪು ಸವರಿದರೆ ಹಲಸಿನಲ್ಲೂ ಸಲೀಸಾಗಿ ಇಳಿಯುತ್ತದೆ. ನಡುವಿನದನ್ನು ಗಟ್ಟಿ ಬಿಗಿಯಿರಿ. ತುದಿಯವನ್ನು ಬಿಗಿದು ಕಾಲು ಸುತ್ತು ಸಡಿಲಿಸಿ.

ನೆಲದ ಮೇಲೆ ಇಟ್ಟಾಗ ಕುಣಿದರೆ ಸಮತಟ್ಟಾದ ನೆಲದಲ್ಲಿ 80 ನಂಬರಿನ ಮರಳುಕಾಗದ ಅಂಟಿಸಿ ಮಣೆಯನ್ನೇ ಅದರ ಮೇಲೆ ತಿಕ್ಕಿ. ಮೇಲ್ಮೈಗೆ 80, 120, 180 ಎಂಬ ಕ್ರಮ, ಯಾವಾಗಲೂ ಎಳೆಯ ದಿಕ್ಕಿಗೆ, ಮೂಗಿಗೆ ಮಾಸ್ಕ್. ಒಂದನ್ನು ಹಾರಿಸಿದರೆ ಹಿಂದಿನ ಗೀರು ಎಣ್ಣೆ ಹಚ್ಚಿದ ಕೂಡಲೇ ಎದ್ದು ಕಾಣುತ್ತದೆ.

ಗೋಡೆಯ ಶೆಲ್ಫ್

ಇಲ್ಲಿ ಮರಕ್ಕಿಂತ ಗೋಡೆಯದೇ ಹೆಚ್ಚು ತಲೆನೋವು. ಕೆಂಪುಕಲ್ಲಿನ ಗೋಡೆಗೆ ಡ್ರಿಲ್ಲನ್ನು ಹ್ಯಾಮರ್‌ನಲ್ಲಿಟ್ಟು ಕೊರೆದರೆ ಕಲ್ಲು ಪುಡಿಯಾಗಿ 8 ಮಿಲಿಮೀಟರಿನ ತೂತು ಸಲೀಸಾಗಿ 10 ದಾಟುತ್ತದೆ, ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ ಗಿರಗಿರ ತಿರುಗುತ್ತದೆ. ಹ್ಯಾಮರ್ ನಿಲ್ಲಿಸಿ ಬರೇ ತಿರುಗಿಸಿ ಕೊರೆಯಿರಿ. ಗಾರೆಯ ದಪ್ಪ ಲೆಕ್ಕಕ್ಕಿಲ್ಲ, ಅದರಾಚೆ ಕಲ್ಲಿನೊಳಗೆ ಕನಿಷ್ಠ 60 ಮಿಲಿಮೀಟರ್ ಪ್ಲಗ್ ಹೋಗಬೇಕು. ಧೂಳು ಊದಿ ತೆಗೆಯದೆ ಪ್ಲಗ್ ಹಾಕಿದರೆ ಅದು ಹಿಡಿಯುವುದು ಧೂಳನ್ನು.

ಹಲಗೆ ಎರಡಡಿ ಉದ್ದಕ್ಕೆ ಮುಕ್ಕಾಲು ಇಂಚು ದಪ್ಪ ಸಾಕು. ಪುಸ್ತಕ ತುಂಬುವುದಾದರೆ ಮೂರಡಿಗೆ ಒಂದು ಇಂಚು ಬೇಕು, ಅದಕ್ಕಿಂತ ಉದ್ದವಾದರೆ ನಡುವೆ ಇನ್ನೊಂದು ಆಧಾರ. ಅಡಿಗೆ ಇಷ್ಟೆಂದು ಭಾರ ಒಂದೇ ಇದ್ದರೂ ಉದ್ದ ಇಮ್ಮಡಿಯಾದರೆ ಬಾಗುವಿಕೆ 16 ಪಟ್ಟು ಹೆಚ್ಚುತ್ತದೆ. ದಪ್ಪ ಇಮ್ಮಡಿಯಾದರೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಲಗೆಯ ಹಿಂಬದಿಯನ್ನು ಗೋಡೆಗೆ ತಾಗಿಸಬೇಡಿ, ಅರ್ಧ ಇಂಚು ಗಾಳಿ ಬಿಡಿ. ಆಷಾಢದಲ್ಲಿ ನೀರೂರುವ ಗೋಡೆಗೆ ತಾಗಿದ ಮರಕ್ಕೆ ಬೂಸ್ಟು, ಬೂಸ್ಟಿನ ಬೆನ್ನಿಗೆ ಗೆದ್ದಲು.

ಅಂಗಳದ ಕುಂಡದ ಸ್ಟ್ಯಾಂಡಿಗೆ ಮರ ಕೊಳ್ಳುವುದೇ ಬೇಡ, ಅಡಿಕೆ ಮರದ ದಬ್ಬೆ (ಸೀಳಿದ ಪಟ್ಟಿ) ಇದೆ. ಒಳಗಿನ ಮೆತ್ತನೆ ಭಾಗ ಕೆತ್ತಿ ತೆಗೆಯಿರಿ, ಸ್ಕ್ರೂವಿಗೆ ಪ್ರತಿಸಲವೂ ಮೊದಲು ತೂತು ಕೊರೆಯಿರಿ. ನೇರ ಮೊಳೆ ಹೊಡೆದರೆ ಉದ್ದಕ್ಕೂ ಸಿಗಿದು ಹೋಗುತ್ತದೆ.

ಎಣ್ಣೆ

ತೆಂಗಿನೆಣ್ಣೆ ಒಣಗುವ ಎಣ್ಣೆಯಲ್ಲ. ಮೇಲ್ಮೈಯಲ್ಲಿ ಜಿಡ್ಡಾಗಿ ಉಳಿದು ಧೂಳು ಹಿಡಿಯುತ್ತದೆ. ಗೇರುಬೀಜದ ಚಿಪ್ಪಿನ ಎಣ್ಣೆ ಹುಳಕ್ಕೆ ಒಳ್ಳೆಯ ಮದ್ದು, ಆದರೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ. ಅದು ಹೊರಗಿನ ಕಂಬ, ಬೇಲಿಗೂಟಕ್ಕೆ ಇರಲಿ, ಕೂರುವ ಮಣೆಗೆ ಖಂಡಿತಾ ಬೇಡ. ಅರಗಿನ ಪಾಲಿಶ್ ಚಂದ, ಆದರೆ ಮಳೆ ಸುರಿಯುವ ದಿನ ಹಚ್ಚಿದರೆ ಬಿಳಿಚಿಕೊಳ್ಳುತ್ತದೆ, ಬಿಸಿಪಾತ್ರೆ ಇಟ್ಟರೆ ಗುರುತು ಬೀಳುತ್ತದೆ. ಮಣೆಗೆ ನನ್ನ ಆಯ್ಕೆ ಬೇಯಿಸಿದ ಅಗಸೆ ಎಣ್ಣೆ, ಅಂಗಡಿಯಲ್ಲಿ ಬಾಯಿಲ್ಡ್ ಲಿನ್‌ಸೀಡ್ ಎಂದು ಕೇಳಿ. ತೆಳುವಾಗಿ ಸವರಿ, ಕಾಲು ಗಂಟೆ ಬಿಟ್ಟು, ಮೇಲುಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟದ್ದು ಅಂಟಂಟಾಗಿ ವಾರಗಟ್ಟಲೆ ಒಣಗುವುದಿಲ್ಲ. ಹೀಗೆ ಮೂರು ಸಲ, ನಡುವೆ ಎರಡೆರಡು ದಿನ ಬಿಟ್ಟು, ಮೇಲೆ ಕೆಳಗೆ ಎರಡೂ ಕಡೆ. ಮೇಲೆ ಮಾತ್ರ ಹಚ್ಚಿದರೆ ಕೆಳಬದಿ ಬೇಗ ತೇವ ಹೀರಿ ಹಲಗೆ ಬಾಗುತ್ತದೆ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಈ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಕೂಡಿ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹಗ್ಗದ ಮೇಲೆ ಒಂದೊಂದಾಗಿ ಹರಡಿ ಹಾಕಿ, ಪೂರ್ತಿ ಗಡುಸಾದ ಮೇಲೆ ಬಿಸಾಡಿ. ಅಷ್ಟು ಹೊತ್ತು ಕಾಯಲಾಗದಿದ್ದರೆ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಟ್ಟು ಮುಚ್ಚಳ ಹಾಕಿ.